ಪರಕಾಯ ಪ್ರವೇಶ ಮತ್ತು ಇಪ್ಪತ್ತೆರಡನೆಯ ದ್ವಾರ: ಒಂದು ಮೀಮಾಂಸೆ

ಮನೆಯಲ್ಲಿ ಪಂಚೆ ಉಟ್ಟು ವಿಂಡೋಸ್ ಕಂಪ್ಯೂಟರಿನ ಮುಂದೆ ಕೂತವನು ದೂರದ ಯುನಿಕ್ಸ್ ಯಂತ್ರವನ್ನು ಹೊಕ್ಕು ಅಲ್ಲಿ ಕಾರ್ಯಪ್ರವೃತ್ತನಾಗುವ ವಿದ್ಯೆಗೆ ಪರಕಾಯ ಪ್ರವೇಶವೆಂದು ಹೆಸರು. ‘ರಿಮೋಟ್ ಲಾಗಿನ್’ ಎನ್ನುವವರು ಅರ್ವಾಚೀನರು; ಅವರ ಮತವನ್ನು ಇಲ್ಲಿ ಗಣನೆಗೆ ತೆಗೆದುಕೊಂಡಿಲ್ಲ.

ಅಥ ದ್ವಾರವಿಚಾರಃ. ಮನುಷ್ಯದೇಹಕ್ಕೆ ಒಂಬತ್ತು ಬಾಗಿಲು. ಯುನಿಕ್ಸ್ ದೇಹಕ್ಕೆ 65,535; ಅರ್ವಾಚೀನರ ಬಾಯಲ್ಲಿ ‘ಪೋರ್ಟ್’. ಇಷ್ಟಿದ್ದೂ ಸಾಧಕ ಇಪ್ಪತ್ತೆರಡರಲ್ಲೇ ನುಗ್ಗುವುದೇಕೆ? ಪೂರ್ವಪಕ್ಷದವರು 23ನೇ ಬಾಗಿಲಾದ ಟೆಲ್ನೆಟ್‌ನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಪಾಸ್‌ವರ್ಡ್ ಬಿಚ್ಚುಮಾತಿನಲ್ಲೇ ಸಾಗುತ್ತಿತ್ತು, ಸಿಟಿ ಬಸ್ಸಿನಲ್ಲಿ ನಿಂತು ಫೋನಿಗೆ ಎಟಿಎಂ ಪಿನ್ ಒದರಿದ ಹಾಗೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕಿವಿಗೊಟ್ಟು ಪಾಸ್‌ವರ್ಡುಗಳನ್ನು ಕದ್ದರು. ಅಲ್ಲಿದ್ದ ತಾತು ಯುಲೋನೆನ್, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿ ಬಿದ್ದಿದ್ದ ಸೈಟನ್ನು ತಮಗೆ ಕೊಡಿ ಎಂದು ಒಂದು ಇಮೇಲ್ ಹಾಕಿದರು, ಮಂಜೂರಾಯಿತು. ನಮ್ಮ ಕಡೆ ಸೈಟಿಗೆ ಅರ್ಜಿ ಹಾಕಿದವರು ಈ ವಾಕ್ಯವನ್ನು ಓದದಿರುವುದೇ ಲೇಸು.

ಮಂತ್ರವಿಚಾರ. ವಿಂಡೋಸಿಗೆ ಎಸ್‌ಎಸ್‌ಎಚ್ ಎಂಬ ಈ ಮಂತ್ರ ಹುಟ್ಟಿನಿಂದ ಬಂದದ್ದಲ್ಲ. ಬಹುಕಾಲ ಸೈಮನ್ ಟಾಥಮ್ ಪುಕ್ಕಟೆ ಹಂಚಿದ ಪುಟ್ಟಿ ಎಂಬ ತಂತ್ರಾಂಶವೇ ಗತಿಯಾಗಿತ್ತು. (ಈ ಹೆಸರು ಅಚ್ಚಗನ್ನಡದ್ದೆಂದು ಸಾಧಿಸುವ ಆಸೆ ಪ್ರಬಂಧಕಾರನಿಗಿತ್ತು. ಆಧಾರ ಸಿಗಲಿಲ್ಲ.) 2018ರಲ್ಲಿ ವಿಂಡೋಸ್ 10ರೊಳಗೇ ಓಪನ್ಎಸ್‌ಎಸ್‌ಎಚ್ ಬಂದು ಕೂತಿತು.

ಮೊದಲ ಸಲ ಹೋದಾಗ ಯಂತ್ರ ತನ್ನ ಬೆರಳಚ್ಚು ತೋರಿಸಿ ಗುರುತು ಸಿಕ್ಕಿತೇ ಎಂದು ಕೇಳುತ್ತದೆ. ಆ ಉದ್ದನೆಯ ಅಕ್ಷರಮಾಲೆಯನ್ನು ತಾಳೆ ನೋಡಿದವರು ವಿರಳ. ಮದುವೆಮನೆಯಲ್ಲಿ ‘ನಾನ್ಯಾರು ಗೊತ್ತಾಯ್ತಾ?’ ಎಂದವರಿಗೆ ‘ಅಯ್ಯೋ, ಗೊತ್ತಾಗದೆ ಏನು!’ ಎನ್ನುವಂತೆ ಎಲ್ಲರೂ ‘ಯೆಸ್’ ಎಂದೇ ಒತ್ತುತ್ತಾರೆ. ಆಮೇಲೆ ಪಾಸ್‌ವರ್ಡ್. ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದು. ಅಕ್ಷರಗಳ ಎಣಿಕೆಯೂ ಪಕ್ಕದವನಿಗೆ ತಿಳಿಯಬಾರದೆಂಬುದು ಯುನಿಕ್ಸಿನ ನಿಯಮ. ಹೊಸಬ ಇದನ್ನರಿಯದೆ ಕೀಬೋರ್ಡನ್ನು ಬೋರಲು ಮಾಡಿ ಕೊಡವುತ್ತಾನೆ.

ಇನ್ನು ಮುಖ್ಯ ವಿಷಯ, ದೇಹರಕ್ಷಣೆ. ಶಂಕರರು ಅಮರುಕ ರಾಜನ ಕಳೇಬರವನ್ನು ಹೊಕ್ಕಾಗ ಸ್ವಂತ ದೇಹವನ್ನು ಗುಹೆಯಲ್ಲಿಟ್ಟು ಶಿಷ್ಯರನ್ನು ಕಾವಲಿಗೆ ಬಿಟ್ಟಿದ್ದರಂತೆ. ಹೊಕ್ಕ ದೇಹಕ್ಕಿಂತ ಬಿಟ್ಟುಹೋದ ದೇಹದ್ದೇ ಚಿಂತೆ ಹೆಚ್ಚು ಎಂಬ ಈ ರಹಸ್ಯವನ್ನು ಗಣಕಶಾಸ್ತ್ರಜ್ಞರು ಇನ್ನೂ ಸರಿಯಾಗಿ ಅರಗಿಸಿಕೊಂಡಿಲ್ಲ. ಮನೆಯ ಯಂತ್ರ ಮಲಗಿ ಸಂಪರ್ಕ ಕಡಿದರೆ ಯುನಿಕ್ಸ್ ‘ಹ್ಯಾಂಗಪ್’ ಎಂಬ ಸಂಕೇತ ಕಳಿಸುತ್ತದೆ. ಫೋನ್ ತಂತಿಯ ಮೇಲೆ ಲಾಗಿನ್ ಆಗುತ್ತಿದ್ದ ಕಾಲದ ಹೆಸರದು: ರಿಸೀವರ್ ಇಟ್ಟರು ಎಂದರ್ಥ. ಅದು ಬಂದೊಡನೆ ಅಲ್ಲಿ ಓಡುತ್ತಿದ್ದ ಕೆಲಸಗಳು ಸಾಮಾನ್ಯವಾಗಿ ಪ್ರಾಣ ಬಿಡುತ್ತವೆ.

ಪ್ರತ್ಯಕ್ಷ ಪ್ರಮಾಣ ಒಂದಿದೆ. ಆರು ಗಂಟೆ ಓಡಬೇಕಿದ್ದ ಲೆಕ್ಕವೊಂದು ಐದು ಗಂಟೆ ಓಡಿತ್ತು. ಪ್ರಬಂಧಕಾರ ಶಿಷ್ಯನನ್ನು, ಅಂದರೆ ಮಗನನ್ನು, ಕಾವಲಿಗೆ ಕೂರಿಸಿ ಹಾಲು ತರಲು ಹೋಗಿದ್ದ.

‘ಅಪ್ಪಾ, ಲ್ಯಾಪ್‌ಟಾಪ್ ಸುಮ್ನೆ ಉರೀತಾ ಇತ್ತು. ಮುಚ್ಚಿಟ್ಟೆ.’

‘ಎಷ್ಟು ಹೊತ್ತಾಯ್ತೋ?’

‘ನೀನು ಹೋದ ತಕ್ಷಣ.’

ಪರಿಹಾರವಿಲ್ಲದಿಲ್ಲ. ಟಿಮಕ್ಸ್ ಎಂಬುದನ್ನು ದೂರದ ದೇಹದಲ್ಲೇ ಮೊದಲು ಎಬ್ಬಿಸಿ, ಕೆಲಸವನ್ನು ಅದರ ಮಡಿಲಿಗೆ ಹಾಕಿದರೆ, ಮನೆಯ ದೇಹ ಮಲಗಿದರೂ ಅಲ್ಲಿಯ ಕೆಲಸ ನಡೆದೇ ಇರುತ್ತದೆ. ಮರಳಿ ಬಂದು ‘ಟಿಮಕ್ಸ್ ಅಟ್ಯಾಚ್’ ಎಂದರೆ ಬಿಟ್ಟಲ್ಲಿಗೇ ಸೇರಿಸುತ್ತದೆ. ಓದುಗರು ದಯವಿಟ್ಟು ಹಾಲಿಗೆ ಹೋಗುವ ಮುಂಚೆಯೇ ಇದನ್ನು ಮಾಡಿಕೊಳ್ಳಬೇಕಾಗಿ ವಿನಂತಿ.