ಮ್ಯಾನುಯಲ್ ಮೇಷ್ಟ್ರು

ಫೋನು ಬಡಿದುಕೊಳ್ಳುತ್ತಿತ್ತು. ಮೇಷ್ಟ್ರು ಎತ್ತಲಿಲ್ಲ. ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದ ಮೇಷ್ಟ್ರಮ್ಮನವರಿಗೂ ಎತ್ತಗೊಡಲಿಲ್ಲ.

"ಇನ್ನೂ ನಾಲ್ಕು ಗಂಟೆ ಬಾಕಿ ಇದೆ."

"ಏನ್ರೀ, ಅರ್ಜೆಂಟ್ ಇದ್ದರೆ?"

"ಅರ್ಜೆಂಟ್ ಇರೋರು ನಾಲ್ಕು ಗಂಟೆ ಬಿಟ್ಟು ಮಾಡ್ತಾರೆ."

ಹೊಸ ಕಾರ್ಡ್‌ಲೆಸ್ ಫೋನನ್ನು ಮೊದಲ ಸಲ ಬಳಸುವ ಮುಂಚೆ 16 ಗಂಟೆ ಚಾರ್ಜಿಗೆ ಇಡಬೇಕು ಅಂತ ಪುಸ್ತಕದಲ್ಲಿತ್ತು. ಹಿಂದಿನ ಸಂಜೆ ಏಳಕ್ಕೆ ಇಟ್ಟಿದ್ದರು. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗಂಟೆಗೊಂದು ಗೆರೆ ಎಳೆಯುತ್ತ ಬಂದು, ಈಗ ಹನ್ನೆರಡು ಗೆರೆ ಆಗಿದ್ದವು. ರಾತ್ರಿ ಎರಡಕ್ಕೂ ಮೂರಕ್ಕೂ ಎದ್ದು ಎಳೆದದ್ದು ಗೆರೆಯ ಡೊಂಕಿನಲ್ಲೇ ಗೊತ್ತಾಗುತ್ತಿತ್ತು.

ಒಂಬತ್ತು ಗಂಟೆಗೆ ಮೇಷ್ಟ್ರಮ್ಮನ ತಮ್ಮ ಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ತೂಬಗೆರೆಯ ಹಲಸಿನಹಣ್ಣು, ಬಗಲಲ್ಲಿ ಇನ್ನೊಂದು, ಮೈಯೆಲ್ಲ ಬೆವರು. ಸ್ಕೂಟರ್ ಕಳಿಸಿ ಅಂತ ಹೇಳೋಕೆ ಬೆಳಿಗ್ಗೆ ಏಳರಿಂದ ಫೋನ್ ಮಾಡಿ ಸಾಕಾಗಿತ್ತು.

"ಹನ್ನೊಂದರ ಮೇಲೆ ಮಾಡಿದ್ದರೆ ಎತ್ತುತ್ತಿದ್ದೆನಲ್ಲ ಭಾವಮೈದ," ಎಂದರು ಮೇಷ್ಟ್ರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಅವರ ಮಾತಿನಲ್ಲಿ ಯಾವತ್ತೂ ಇರುವುದಿಲ್ಲ, ಕಷ್ಟವೇ ಅದು.

ಇಂಥವರೊಬ್ಬರು ನಿಮ್ಮ ಬೀದಿಯಲ್ಲೂ ಇದ್ದಾರೆ. ಮಾತ್ರೆ ನುಂಗುವ ಮುಂಚೆ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದುವವರು. ಕರೆಂಟ್ ಬಿಲ್ಲಿನ ಬೆನ್ನಿಗೆ ಅಚ್ಚಾದ ಷರತ್ತುಗಳಿಗೆ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕುವವರು. ಬಸ್ಸಿನಲ್ಲಿ 'ಕೈ ಹೊರಗೆ ಚಾಚಬೇಡಿ' ಅಂತ ಬರೆದಿದ್ದನ್ನು ಓದಿ, ಪಕ್ಕದವರಿಗೂ ಓದಿ ಹೇಳುವವರು. ನಮ್ಮ ಮೇಷ್ಟ್ರು ತಾಲ್ಲೂಕಿನ ನಾಲ್ಕಾರು ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿ, ರಿಟೈರ್ ಆಗಿ, ಘಾಟಿ ಸುಬ್ರಹ್ಮಣ್ಯದಲ್ಲಿ ನೆಲೆನಿಂತವರು. ನಾನು ಅವರ ಶಿಷ್ಯ. ಅಂದರೆ ಅವರು ಸ್ಟೂಲ್ ಹತ್ತಿದಾಗ ಕೆಳಗೆ ಟಾರ್ಚ್ ಹಿಡಿಯುವವನು.

ನ್ಯಾಯವಾಗಿ ಹೇಳಬೇಕಾದರೆ, ಅವರು ಹುಟ್ಟಾ ಹೀಗಿರಲಿಲ್ಲ. ಹೀಗಾಗಲು ಕಾರಣ ಅಳಿಯ. ಅಮೆರಿಕದಿಂದ ಬರುವಾಗ ಆತ ಒಂದು ಕಾರ್ಡ್‌ಲೆಸ್ ತಂದುಕೊಟ್ಟಿದ್ದ. ಅಲ್ಲಿನ ಗೋಡೆಯಲ್ಲಿ 120 ವೋಲ್ಟು, ನಮ್ಮ ಗೋಡೆಯಲ್ಲಿ 230. ಪುಸ್ತಕದ ಮೊದಲ ಪುಟದಲ್ಲೇ ಅದು ಬರೆದಿತ್ತು. ಮೇಷ್ಟ್ರು ಅವತ್ತು ಪುಸ್ತಕ ಓದಲಿಲ್ಲ, ನಮ್ಮ ಪ್ಲಗ್ಗಿಗೆ ಹೊಂದುವ ಪಿನ್ ಸಿಗಿಸಿ ಸ್ವಿಚ್ ಒತ್ತಿದರು. ಅಡಾಪ್ಟರು ಚಿಟಿಕೆ ಹೊಡೆದಷ್ಟು ಸದ್ದು ಮಾಡಿ ಸಾಂಬ್ರಾಣಿ ಹಾಕಿದ ಹಾಗೆ ಹೊಗೆ ಬಿಟ್ಟಿತು. ಓಮನ ನಿಯಮ ಪಾಠ ಮಾಡಿದ ಮನುಷ್ಯ, ಅಳಿಯನೆದುರಿಗೆ! ಅವತ್ತಿನಿಂದ ಅವರು ಪುಸ್ತಕ ಕೆಳಗಿಟ್ಟಿಲ್ಲ.

ಎರಡನೆಯ ಸೆಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂತು, 2008ರ ಸುಮಾರಿಗೆ. ಇಂಗ್ಲಿಷ್ ಪುಸ್ತಕವನ್ನು ಮೇಷ್ಟ್ರು ಸಾಲುಸಾಲಾಗಿ ಕನ್ನಡ ಮಾಡಿ, ಮನೆಯವರೆಲ್ಲರನ್ನೂ ಕೂರಿಸಿಕೊಂಡು ಓದಿದರು. ಸರ್ಕಾರಿ ಸುತ್ತೋಲೆಯ ಕನ್ನಡ. "ನೀರಿನ ಸಮೀಪದಲ್ಲಿ, ಅಂದರೆ ಸ್ನಾನದ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಈಜುಕೊಳ ಇವುಗಳ ಹತ್ತಿರ ಉಪಯೋಗಿಸತಕ್ಕದ್ದಲ್ಲ." ಈಜುಕೊಳ ನಮ್ಮೂರಲ್ಲಿ ಎಲ್ಲಿದೆ ಎಂದು ನಾನು ಕೇಳಿದೆ. ಒಂದು ಕ್ಷಣ ಯೋಚಿಸಿ, ಅಲ್ಲಿ 'ದೇವಸ್ಥಾನದ ಕಲ್ಯಾಣಿ' ಎಂದು ತಿದ್ದಿಕೊಂಡರು.

ಹ್ಯಾಂಡ್‌ಸೆಟ್ಟು ಕೂರುವ ಗೂಡಿಗೆ ಇಂಗ್ಲಿಷಿನವರು ಕ್ರೇಡಲ್ ಅಂದಿದ್ದನ್ನು ಇವರು 'ತೊಟ್ಟಿಲು' ಅಂತಲೇ ಮಾಡಿದರು. ಮಕ್ಕಳಾಗಲೆಂದು ಹರಕೆ ಹೊತ್ತವರು ಬಂದು ನಾಗರಕಲ್ಲು ನಿಲ್ಲಿಸಿ ಹೋಗುವ ಊರಿನಲ್ಲಿ ತೊಟ್ಟಿಲು ಅಂದರೆ ಸಣ್ಣ ಮಾತಲ್ಲ. "ಮಗು ತೊಟ್ಟಿಲಲ್ಲಿದೆಯೇನೆ?" ಎಂದು ಮೇಷ್ಟ್ರು ರಾತ್ರಿ ಮಲಗುವ ಮುಂಚೆ ಕೂಗಿ ಕೇಳುವುದು, "ಮಲಗಿದೆ, ಲೈಟ್ ಉರೀತಿದೆ" ಎಂದು ಮೇಷ್ಟ್ರಮ್ಮ ಉತ್ತರ ಕೊಡುವುದು ಬೀದಿಗೆಲ್ಲ ಕೇಳುತ್ತಿತ್ತು. ಪಕ್ಕದ ಛತ್ರದಲ್ಲಿ ಇಳಿದಿದ್ದ ಒಂದು ದಂಪತಿ, ಈ ವಯಸ್ಸಿನಲ್ಲೂ ಸ್ವಾಮಿ ಕಣ್ಣು ಬಿಟ್ಟನಲ್ಲ ಎಂದು ಕೈ ಮುಗಿದು ಹೋದರಂತೆ.

ಬೇಸ್ ಯೂನಿಟ್ಟನ್ನು ಗೋಡೆಯ ಗೂಡಿನಲ್ಲಿ ಕೂರಿಸಿ, ತಂತಿಗಳನ್ನೆಲ್ಲ ಕ್ಲಿಪ್ಪು ಹೊಡೆದು ಬಿಗಿ ಮಾಡಿದ ಮೇಲೆ ನೆನಪಾಯಿತು: ಟೋನೋ ಪಲ್ಸೋ ಎಂದು ಆರಿಸುವ ಸ್ವಿಚ್ಚು ಅದರ ಹಿಂಬದಿಯಲ್ಲಿದೆ. ಚಾರ್ಜಾಗುತ್ತಿರುವಾಗ ಅಲ್ಲಾಡಿಸಕೂಡದು ಅಂತ ಅವರದೇ ಆಜ್ಞೆ. ಮೇಷ್ಟ್ರು ದೇವರಮನೆಯಿಂದ ಕುಂಕುಮದ ಕನ್ನಡಿ ತರಿಸಿ, ಗೂಡಿನ ಹಿಂದಕ್ಕೆ ತೂರಿಸಿ, ನನ್ನಿಂದ ಟಾರ್ಚು ಬಿಡಿಸಿ ನೋಡಿದರು. ನಮ್ಮ ದೇವಸ್ಥಾನದ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೂ ನರಸಿಂಹ ಪಶ್ಚಿಮಕ್ಕೂ ಮುಖ ಮಾಡಿದ್ದಾರಲ್ಲ, ಹಿಂದಿನ ನರಸಿಂಹನನ್ನು ಕನ್ನಡಿಯಲ್ಲಿ ದರ್ಶನ ಮಾಡುತ್ತೇವಲ್ಲ, ಹಾಗೆ. "ಕಂಡಿತು, ಕಂಡಿತು," ಎಂದರು ಗದ್ಗದವಾಗಿ. ಆದರೆ ಕನ್ನಡಿಯಲ್ಲಿ ಎಡ ಬಲ ಆಗುತ್ತದೆ ಅನ್ನುವುದನ್ನು ವಿಜ್ಞಾನದ ಮೇಷ್ಟ್ರು ಆ ಭಕ್ತಿಯಲ್ಲಿ ಮರೆತರು. ಒಂದು ತಿಂಗಳು ನಮ್ಮ ಫೋನು ನಂಬರ್ ಒತ್ತಿದರೆ ಕಟಕಟಕಟ ಎಂದು ಹಲ್ಲು ಕಡಿಯುತ್ತಿತ್ತು.

ಆಮೇಲೆ ರೇಂಜಿನ ಪ್ರಕರಣ. ಮನೆಯೊಳಗೆ 50 ಮೀಟರು, ಅಡೆತಡೆಯಿಲ್ಲದ ಬಯಲಿನಲ್ಲಿ 300 ಮೀಟರು ಎಂದು ಪುಸ್ತಕದಲ್ಲಿ ಇತ್ತು. ಮೇಷ್ಟ್ರು ಹ್ಯಾಂಡ್‌ಸೆಟ್ಟು ಕಿವಿಗಿಟ್ಟುಕೊಂಡು ಹೆಜ್ಜೆ ಎಣಿಸುತ್ತ ಹೊರಟರು. ಹಿತ್ತಿಲ ತೆಂಗಿನಮರದವರೆಗೆ ಟೋನು ಗುಂಯ್ ಅನ್ನುತ್ತಿತ್ತು. ದನದ ಕೊಟ್ಟಿಗೆ ದಾಟಿದರೆ ಕೊರಕೊರ. ತಗಡಿನ ಶೆಡ್ಡಿನ ಮರೆಗೆ ಹೋದರೆ ನಾಲ್ಕು ಸಲ ಕುಯ್ ಕುಯ್ ಅಂದು ಉಸಿರು ನಿಲ್ಲಿಸುತ್ತಿತ್ತು. ಕಲ್ಲುಗೋಡೆ, ಮೇಲೆ ತಗಡು. ರೇಡಿಯೋ ಅಲೆಗೆ ತಗಡಿಗಿಂತ ದೊಡ್ಡ ಶತ್ರು ಇಲ್ಲ. 42 ಹೆಜ್ಜೆ, ಮುಗಿಯಿತು. ಮೇಷ್ಟ್ರಿಗೆ ಮೋಸ ಹೋದ ಹಾಗಾಯಿತು. "ಮುನ್ನೂರು ಅಂತ ಅಚ್ಚು ಹಾಕಿದ್ದಾರೆ ಕಣೋ, ಅಚ್ಚು!" ಸ್ಪೋರ್ಟ್ಸ್ ಡೇಗೆ ಕಬಡ್ಡಿ ಕೋರ್ಟ್ ಹಾಕಿಸಿ ಅಭ್ಯಾಸವಿದ್ದ ಕೈ, ಸುಣ್ಣದಪುಡಿ ತಂದು ಮನೆ ಸುತ್ತ ಗೆರೆ ಎಳೆಯಿತು. ಗೆರೆಯಾಚೆ ಮಾತಾಡಕೂಡದು. ಮೇಷ್ಟ್ರಮ್ಮ ಹೂ ಬಿಡಿಸುತ್ತ ಮಾತಾಡುವವರು, ಮರೆತು ಗೆರೆ ತುಳಿಯುವವರು. ನಡುಮಾತಿನಲ್ಲಿ ಲೈನು ಹೋದರೆ ಶಿವಮೊಗ್ಗದಲ್ಲಿದ್ದ ಕಿರಿಮಗಳು ಗಂಡನಿಗೆ ಹೇಳುತ್ತಿದ್ದಳಂತೆ, "ಅಮ್ಮ ಔಟು."

ಗುಟ್ಟಿನ ವಿಷಯಕ್ಕೆ ಬರೋಣ. ಹಿಂದಿನ ಕಾಲದ ಕಾರ್ಡ್‌ಲೆಸ್ಸುಗಳು ಮಾತನ್ನು ಬತ್ತಲೆಯಾಗಿ ಗಾಳಿಗೆ ಬಿಡುತ್ತಿದ್ದವು. ಅದೇ ಚಾನೆಲ್ಲಿನ ಇನ್ನೊಂದು ಸೆಟ್ಟು ಆಚೆಮನೆಯಲ್ಲಿದ್ದರೆ ನಿಮ್ಮ ಮನೆಯ ಜಗಳ ಅವರ ಮನೆಯ ರೇಡಿಯೋ ನಾಟಕ. ಈಗಿನ ಡಿಜಿಟಲ್ ಸೆಟ್ಟುಗಳು 1880ರಿಂದ 1900 ಮೆಗಾಹರ್ಟ್ಸ್ ನಡುವೆ ಓಡಾಡುತ್ತವೆ, ಹ್ಯಾಂಡ್‌ಸೆಟ್ಟನ್ನು ಅದರ ಬೇಸಿಗೆ ಮೊದಲೇ ನೋಂದಾಯಿಸಿರಬೇಕು, ಬೇರೆಯವರ ಸೆಟ್ಟಿಗೆ ಸಲೀಸಾಗಿ ಸಿಗುವುದಿಲ್ಲ. ಇದನ್ನೆಲ್ಲ ನನಗೆ ವಿವರಿಸಿದವರೇ ಮೇಷ್ಟ್ರು. ವಿವರಿಸಿ, ಆದರೂ ಗಾಳಿಯನ್ನು ನಂಬಬಾರದು ಎಂದು ಸಂಕೇತ ಭಾಷೆ ಶುರು ಮಾಡಿದರು. ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಊರಿಗೆ ತಕ್ಕ ಹಾಗೆ ಗಂಡಿಗೆ 'ಎತ್ತು' ಎಂದು ಹೆಸರಿಟ್ಟರು.

"ಎತ್ತು ಬಿ.ಇ. ಮಾಡಿದೆಯಂತೆ... ಬಣ್ಣ ಸ್ವಲ್ಪ ಕಮ್ಮಿ... ಹಲ್ಲು ನೀವೇ ನೋಡಿಬಿಡಿ... ಎಷ್ಟು ಕೇಳ್ತಾರೆ?"

ಪುಷ್ಯ ಮಾಸ, ದನದ ಜಾತ್ರೆ ಕೂಡಿತ್ತು. ಕಾರ್ಡ್‌ಲೆಸ್ಸು ಗುಟ್ಟು ಬಿಟ್ಟುಕೊಡಲಿಲ್ಲ, ಕಿಟಕಿ ಬಿಟ್ಟುಕೊಟ್ಟಿತು. ಅರ್ಧ ಗಂಟೆಯಲ್ಲಿ ಬಾಗಿಲಿಗೆ ದಲ್ಲಾಳಿಯೊಬ್ಬ ಬಂದ. "ಸ್ವಾಮಿ, ಓದಿದ ಎತ್ತು ನಂಗೊತ್ತಿಲ್ಲ. ಹಳ್ಳಿಕಾರ್ ಜೋಡಿ ಐತೆ, ಎಂಟು ಹಲ್ಲು, ಗಾಡಿಗೂ ಆಯ್ತದೆ ನೇಗ್ಲಿಗೂ ಆಯ್ತದೆ," ಎಂದವನೇ ವ್ಯಾಪಾರದ ಪದ್ಧತಿಯಂತೆ ಟವೆಲ್ಲಿನೊಳಗೆ ಮೇಷ್ಟ್ರ ಕೈ ಹಿಡಿದು ಬೆರಳು ಒತ್ತತೊಡಗಿದ. ಮೇಷ್ಟ್ರು ಬಿಡಿಸಿಕೊಳ್ಳಲು ಬೆರಳು ಎಳೆದರು. ಅದು ಅವರ ಭಾಷೆಯಲ್ಲಿ ಎಷ್ಟು ಸಾವಿರವಾಯಿತೋ, ಅವನು ಖುಷಿಯಾಗಿ ಎದ್ದುಹೋಗಿ ಜೋಡಿ ಹೊಡೆದುಕೊಂಡೇ ಬಂದ.

ಕರೆಂಟು ಹೋದರೆ ಕಾರ್ಡ್‌ಲೆಸ್ಸು ಬರೀ ಬೊಂಬೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಮೂರು ದಿನ ಫೋನು ಸತ್ತಂತೆ ಬಿದ್ದಿದ್ದಾಗ ಮೇಷ್ಟ್ರಮ್ಮ ಅಟ್ಟ ಹತ್ತಿ, ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಹುಟ್ಟಿದ, ಒಂದು ಸೇರು ತೂಗುವ ಕರಿ ಫೋನನ್ನು ಇಳಿಸಿ, ಸೆರಗಲ್ಲಿ ಧೂಳು ಒರೆಸಿ, ಲೈನಿಗೆ ಸಿಗಿಸಿದರು. ಗುಂಯ್ ಎಂದಿತು. ಅದಕ್ಕೆ ಬೇಕಾದ 48 ವೋಲ್ಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತದೆ, ಮನೆಯ ಕರೆಂಟಿನ ಹಂಗಿಲ್ಲ. ಮೇಷ್ಟ್ರು ಗಾಬರಿಯಿಂದ ಪುಸ್ತಕ ತಿರುವಿದರು. 17ನೇ ಪುಟದಲ್ಲಿತ್ತು: ವಿದ್ಯುತ್ ಇಲ್ಲದ ವೇಳೆಗಾಗಿ ತಂತಿಯುಳ್ಳ ಫೋನೊಂದನ್ನು ಇಟ್ಟುಕೊಳ್ಳತಕ್ಕದ್ದು. "ನೋಡಿದ್ಯಾ, ನಾನು ಹೇಳೋಣ ಅಂತಿದ್ದೆ," ಎಂದರು. ಅವತ್ತಿನಿಂದ ಕರಿ ಫೋನು ಪ್ಯಾರಲಲ್ಲಾಗಿ ಅಡುಗೆಮನೆಯಲ್ಲಿ ಕೂತಿತು. ಮನೆಯ ನಿಜವಾದ ಫೋನು ಅದೇ ಆಯಿತು ಅನ್ನುವುದನ್ನು ಮೇಷ್ಟ್ರಿಗೆ ಯಾರೂ ಹೇಳಲಿಲ್ಲ.

ಗುಡುಗಿನ ವಿಷಯ ಇನ್ನೂ ತೊಡಕು. ಸಿಡಿಲು ತಂತಿ ಹಿಡಿದು ಬರುತ್ತದೆ, ಆಗ ಕರಿ ಫೋನು ಕಿವಿಗೆ ಹಚ್ಚಕೂಡದು. ಕಾರ್ಡ್‌ಲೆಸ್ ಕೈಯಲ್ಲಿದ್ದರೆ ಮನುಷ್ಯನಿಗೆ ಅಪಾಯ ಕಡಿಮೆ, ಅದನ್ನು ಬಳಸಬಹುದು. ಇದು ಒಂದು ಪುಟ. ಗುಡುಗಿದಾಗ ಬೇಸಿನ ಎರಡೂ ಪಿನ್ನು ಕೀಳುವುದು ಕ್ಷೇಮ. ಇದು ಇನ್ನೊಂದು ಪುಟ. ಎರಡನ್ನೂ ಪಾಲಿಸುವ ಒಬ್ಬನೇ ಮನುಷ್ಯನನ್ನು ನಾನು ಕಂಡಿದ್ದೇನೆ. ಮಾಕಳಿದುರ್ಗದ ಬೆಟ್ಟದ ತಲೆಗೆ ಮೋಡ ಸುತ್ತಿದರೆ ಸಾಕು, ಅವರು ಪಿನ್ನೆರಡನ್ನೂ ಕಿತ್ತು, ಮಳೆ ನಿಲ್ಲುವ ತನಕ ಸತ್ತ ಹ್ಯಾಂಡ್‌ಸೆಟ್ಟನ್ನು ಧೈರ್ಯವಾಗಿ ಕೈಯಲ್ಲಿ ಹಿಡಿದು ಕೂರುತ್ತಿದ್ದರು.

ಒಂದು ಸಲ ಮಾತ್ರ ನಾನು ಅವರ ಪಕ್ಷ. ರಿಮೋಟಿನ ಸೆಲ್ಲು ಮುಗಿಯಿತೆಂದು ಮೊಮ್ಮಗ ಹ್ಯಾಂಡ್‌ಸೆಟ್ಟಿನ ಸೆಲ್ಲು ಕಿತ್ತು ಅದಕ್ಕೆ ಹಾಕಿ, ಅಂಗಡಿಯ ಸಾದಾ ಸೆಲ್ಲನ್ನು ಫೋನಿಗೆ ತುಂಬಿ ತೊಟ್ಟಿಲಲ್ಲಿಟ್ಟ. ಮೇಷ್ಟ್ರು ಕತ್ತಲಲ್ಲಿ ಮುಟ್ಟಿ ನೋಡಿದರು, ಬೆನ್ನು ಕಾದಿತ್ತು. ಒಂದೇ ಜಿಗಿತಕ್ಕೆ ಕಿತ್ತರು. ಮರುಚಾರ್ಜ್ ಆಗದ ಸೆಲ್ಲಿಗೆ ಕರೆಂಟು ತುಂಬಿದರೆ ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಹುಡುಗನಿಗೆ ಬೈಯಲಿಲ್ಲ. 'ಪುನರ್ಭರ್ತಿ ಕೋಶ' ಎಂಬ ಮಾತನ್ನು ನೂರು ಸಲ ಬರೆಸಿದರು.

ಗ್ಯಾಸ್ ಪ್ರಸಂಗಕ್ಕೆ ಮಾತ್ರ ನಾನು ಜವಾಬ್ದಾರನಲ್ಲ. 'ಅನಿಲ ಸೋರಿಕೆಯ ಬಗ್ಗೆ ತಿಳಿಸಲು ಸೋರಿಕೆಯಾದ ಸ್ಥಳದ ಹತ್ತಿರ ಫೋನನ್ನು ಬಳಸತಕ್ಕದ್ದಲ್ಲ.' ಈ ಸಾಲು ಅವರಿಗೆ ಬಾಯಿಪಾಠ. ಒಂದು ಮಧ್ಯಾಹ್ನ ಮಂಪರಿನಲ್ಲಿದ್ದವರಿಗೆ ಮೂಗಿಗೆ ಬಡಿಯಿತು. ಎದ್ದವರೇ ಬರಿಗಾಲಲ್ಲಿ ಓಡಿ, ದೇವಸ್ಥಾನದ ಬೀದಿಯ ಅಂಗಡಿಯ ಮುಂದಿದ್ದ ನಾಣ್ಯದ ಫೋನಿಗೆ ಒಂದು ರೂಪಾಯಿ ಹಾಕಿ ನಂಬರ್ ಒತ್ತಿದರು. ಸ್ವಂತ ಮನೆಯದು.

ಕರಿ ಫೋನು ಒಲೆಯ ಪಕ್ಕದಲ್ಲೇ ಗಂಟೆ ಬಾರಿಸಿತು. ಮೇಷ್ಟ್ರಮ್ಮ ಎತ್ತಿದರು.

"ಗ್ಯಾಸ್ ಲೀಕಾಗಿದೆ! ಫೋನ್ ಎತ್ತಬೇಡ!"

"ಎತ್ತಿ ಆಯ್ತಲ್ಲ."

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲೆಂದು ಎಥೈಲ್ ಮರ್‌ಕ್ಯಾಪ್ಟನ್ ಅಂತ ಬೆರೆಸುತ್ತಾರೆ, ಕೊಳೆತ ಕೋಸಿನ ನಾತ ಅದಕ್ಕೆ. ಅವತ್ತು ಒಲೆಕಟ್ಟೆಯ ಕಲ್ಲಿನ ಅಡಿಯಲ್ಲಿ ಸಿಕ್ಕಿದ್ದು ಅಪ್ಪಟ ಕೋಸು, ವಾರದ ಹಿಂದಿನ ದೊಡ್ಡಬಳ್ಳಾಪುರ ಸಂತೆಯದು.

ಕೊನೆಗೆ ಫೋನನ್ನು ಕೊಂಡೊಯ್ದದ್ದು ಕೋತಿ. ಘಾಟಿಯಲ್ಲಿ ಕೈಯಲ್ಲಿ ಏನು ಹಿಡಿದರೂ ಅರ್ಧ ಪಾಲು ಅವುಗಳದು. ಮೇಷ್ಟ್ರು ಕಟ್ಟೆಯ ಮೇಲೆ ಹ್ಯಾಂಡ್‌ಸೆಟ್ಟಿಟ್ಟು ಚಪ್ಪಲಿ ಮೆಟ್ಟುವಷ್ಟರಲ್ಲಿ ಗಡವವೊಂದು ಎತ್ತಿಕೊಂಡು ತಗಡು, ಹೆಂಚು, ಹುಣಸೆಮರ ಹಾರಿ, ಬೀದಿ ದಾಟಿ, ದೂರದ ಛತ್ರದ ನೀರಿನ ಟ್ಯಾಂಕಿನ ತುದಿಯಲ್ಲಿ ಹೋಗಿ ಕೂತಿತು. ನಾನು ಬಾಳೆಹಣ್ಣು ಹಿಡಿದು ಹಿಂದೆ ಓಡಿದೆ. ಮೇಷ್ಟ್ರು ಓಡಲಿಲ್ಲ. ಪುಸ್ತಕದಲ್ಲಿ ಇದಕ್ಕೊಂದು ಗುಂಡಿ ಇತ್ತು. ಬೇಸಿನಲ್ಲಿ ಅದನ್ನು ಒತ್ತಿದರೆ ಕಳೆದ ಹ್ಯಾಂಡ್‌ಸೆಟ್ಟು ಕೂಗುತ್ತದೆ. ಒತ್ತಿದರು. ಟ್ಯಾಂಕಿನ ಮೇಲೆ ಕೀರಲು ಸದ್ದಾಯಿತು. ಕೋತಿ ಬೆಚ್ಚಿತು, ಬಿಸಾಡಲಿಲ್ಲ. ತಿರುಗಿಸಿ ನೋಡಿ, ಕಚ್ಚಿತು. ಕಚ್ಚಿದ್ದು ಹಸಿರು ಗುಂಡಿಯನ್ನೇ ಇರಬೇಕು.

ಅಡುಗೆಮನೆಯಿಂದ ಮೇಷ್ಟ್ರಮ್ಮ ಕೂಗಿದರು. ಮಗಳಿಗೆ ಫೋನ್ ಮಾಡೋಣ ಅಂತ ಕರಿ ಫೋನು ಎತ್ತಿದ್ದರಂತೆ. "ಏನ್ರೀ, ಲೈನಲ್ಲಿ ಯಾರೋ ಏನೋ ತಿಂತಾ ಇದ್ದಾರೆ."

ಮೇಷ್ಟ್ರು ಓಡಿಹೋಗಿ ರಿಸೀವರ್ ಕಸಿದುಕೊಂಡರು. ಕೇಳಿದರು. ಕಿಟಕಿಯಿಂದ ಟ್ಯಾಂಕಿನವರೆಗೆ ಕಣ್ಣಳತೆ ಹಾಕಿದರು. ನಾನು ಹಣ್ಣು ಹಿಡಿದು ವಾಪಸ್ಸು ಬಂದಾಗ ಅವರ ಮುಖದಲ್ಲಿ ಫೋನು ಹೋದ ದುಃಖದ ಎಳೆಯೂ ಇರಲಿಲ್ಲ.

"ಕಚ್ಚೋದು ಬಿಡೋ, ಉಸಿರಾಡೋದೂ ಕೇಳ್ತಿದೆ! ಕೊರಕೊರ ಇಲ್ಲ, ಏನೂ ಇಲ್ಲ. ಅಡೆತಡೆಯಿಲ್ಲದ ಬಯಲು ಅಂದರೆ ಇದು ಕಣೋ," ಎಂದು ರಿಸೀವರನ್ನು ನನ್ನ ಕಿವಿಗೊತ್ತಿ, "ಹೋಗು, ಇಲ್ಲಿಂದ ಟ್ಯಾಂಕಿನ ತನಕ ಹೆಜ್ಜೆ ಎಣಿಸಿಕೊಂಡು ಬಾ. ಅದನ್ನ ಓಡಿಸಿಬಿಟ್ಟೀಯ ಮತ್ತೆ!" ಎಂದರು.