ಯಾರಾದರೂ ಹೂತುಕೊಳ್ಳಿ ಸ್ವಾಮಿ

ಮಳೆ ಜೋರಾದರೆ ಬೆಂಗಳೂರಿನಲ್ಲಿ ಒಣಹಾಕಿದ ಬಟ್ಟೆ ಎತ್ತುವವರಿದ್ದಾರೆ, ಬಜ್ಜಿಗೆ ಎಣ್ಣೆ ಇಡುವವರಿದ್ದಾರೆ. ರಿಕವರಿ ರಾಯರು ಮಾತ್ರ ಬಾಲ್ಕನಿಗೆ ಬಂದು ರಸ್ತೆ ನೋಡುತ್ತಾರೆ. ಪೈಪು ಹೂಳಲು ಅಗೆದವರು ಗುಂಡಿಗೆ ಮೇಲುಮೇಲೆ ಮಣ್ಣು ಎಳೆದು ಹೋಗಿದ್ದಾರೆ; ಒಂದಾದರೂ ಕಾರಿನ ಚಕ್ರ ಅದರಲ್ಲಿ ಇಳಿಯಬಾರದೆ ಎಂಬ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತದೆ.

ಇಂಥ ರಾಯರು ಈಗ ದೊಡ್ಡ ಅಪಾರ್ಟ್‌ಮೆಂಟಿಗೆ ಒಬ್ಬರಾದರೂ ಸಿಗುತ್ತಾರೆ. 2020ರಲ್ಲಿ ಹೊಸ ಥಾರ್, 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂದ ಮೇಲೆ ಸಂತತಿ ಇನ್ನಷ್ಟು ಬೆಳೆಯಿತು. ಹಳೆಯ ಜೀಪಿನವರು ಗುಡ್ಡ ಹತ್ತಲೆಂದು ಗಾಡಿ ಕೊಂಡವರು. ರಾಯರು ಕೊಂಡದ್ದು ಬೇರೆಯವರ ಗಾಡಿ ಎಳೆಯಲು. ಅವರ ಸ್ವಂತ ಗಾಡಿ ಎಲ್ಲೂ ಹೂತುಕೊಂಡ ಇತಿಹಾಸವಿಲ್ಲ. ಅದು ಓಡುವುದು ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ. ಅಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ವಿಂಚನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

ಹಗ್ಗ ಸುತ್ತಿಕೊಳ್ಳುತ್ತ ಗಾಡಿ ಎಳೆಯುವ ಈ ವಿಂಚ್ ಎಂದರೆ ರಾಯರಿಗೆ ಗಂಟಲು ಗದ್ಗದವಾಗುತ್ತದೆ. ಅಮೆರಿಕದ ವಾರ್ನ್ ಕಂಪನಿ 1959ರಲ್ಲಿ ಹವ್ಯಾಸಿಗಳ ಗಾಡಿಗೆಂದು ಕರೆಂಟಿನ ವಿಂಚ್ ತಂದ ಕಥೆಯನ್ನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಲೆಕ್ಕವೂ ಪಕ್ಕಾ. ಸಾಮಾನು, ಜನ ಎಲ್ಲ ತುಂಬಿದ ಗಾಡಿಯ ತೂಕಕ್ಕೆ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು. ತೂಕ 2,400 ಕಿಲೋ ಆದರೆ 3,600 ಕಿಲೋ, ಅಂದರೆ ಸುಮಾರು 8,000 ಪೌಂಡು. ರಾಯರು ತಂದದ್ದು 12,000 ಪೌಂಡಿನದು. ‘ನಮ್ಮ ಗಾಡಿಗೆ ಅಷ್ಟು ಬೇಕಿಲ್ಲ, ಆದರೆ ಎದುರಿನವರದ್ದು ದೊಡ್ಡ ಗಾಡಿಯಾದರೆ?’ ಡಬ್ಬದ ಮೇಲಿನ ಅಂಕಿ ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರ ಇದ್ದಾಗ ಮಾತ್ರ ನಿಜ, ಪದರ ಏರಿದಂತೆ ಎಳೆತ ಇಳಿಯುತ್ತದೆ ಎಂಬುದನ್ನು ಅವರು ವಾಚ್‌ಮನ್‌ಗೂ ಮನವರಿಕೆ ಮಾಡಿಕೊಟ್ಟಿದ್ದಾರೆ. ಪಾಪ, ಆತ ಕೇಳಿದ್ದು ಗಾಡಿಯನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ ಎಂದು.

ಮೊದಲು ಉಕ್ಕಿನ ತಂತಿಹಗ್ಗವಿತ್ತು. ಬಿಗಿದಾಗ ಕಡಿದರೆ ಚಾಟಿಯಂತೆ ಬೀಸಿ ಬರುತ್ತದೆಂದು ಅದನ್ನು ತೆಗೆಸಿ ಡೈನೀಮಾ ಎಂಬ ಸಿಂಥೆಟಿಕ್ ನೂಲಿನ ಹಗ್ಗ ಹಾಕಿಸಿದರು. ಇದು ಹಗುರ, ನೀರಿನಲ್ಲಿ ತೇಲುತ್ತದೆ, ಆದರೆ ಬಿಸಿಲೂ ಚೂಪುಗಲ್ಲೂ ಆಗಿಬರುವುದಿಲ್ಲ. ಹಾಗಾಗಿ ಅದಕ್ಕೊಂದು ಹೊದಿಕೆ ಹೊಲಿಸಿದ್ದಾರೆ. ಈ ಮಳೆಗಾಲಕ್ಕೆ ಹಗ್ಗಕ್ಕೆ ಹೊಸ ರೇನ್‌ಕೋಟು, ಮಗನಿಗೆ ಹೋದ ವರ್ಷದ್ದೇ.

ವಿಂಚ್ ಕೂರಿಸಲು ಮುಂದಿನ ಬಂಪರನ್ನೂ ಬದಲಿಸಿ ಬುಲ್‌ಬಾರ್ ಹಾಕಿಸಿದರು. ಬುಲ್‌ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಸೊಂಟದುದ್ದ ಹೊಳೆಗೂ ಹೆದರುವುದಿಲ್ಲ ಎನ್ನುವ ರಾಯರು ಟ್ರಾಫಿಕ್ ಪೊಲೀಸರ ಬಿಳಿ ಅಂಗಿ ಕಂಡರೆ ಅಡ್ಡರಸ್ತೆ ಹಿಡಿಯುವುದು ಇದರಿಂದ.

ಇನ್ನು ಹಗ್ಗ, ಪಟ್ಟಿಗಳ ಸಂಸಾರ. ಸಾಮಾನ್ಯ ಟೋ ಪಟ್ಟಿ ಹಿಗ್ಗುವುದಿಲ್ಲ. ಕೆಟ್ಟುನಿಂತ ಗಾಡಿಯನ್ನು ಡಾಂಬರಿನ ಮೇಲೆ ಮೆಲ್ಲಗೆ ಎಳೆದೊಯ್ಯಲು ಅದು ಸರಿ. ಕೆಸರಿನಿಂದ ಕೀಳಲು ಬೇಕಾದದ್ದು ಹಿಗ್ಗುವ ನೈಲಾನಿನ ಕೈನೆಟಿಕ್ ಹಗ್ಗ. ಅದು ತನ್ನ ಉದ್ದದ ಶೇ. 30ರವರೆಗೂ ಹಿಗ್ಗಿ, ಮತ್ತೆ ಕುಗ್ಗುವಾಗ ಸಿಕ್ಕಿಕೊಂಡ ಗಾಡಿಯನ್ನು ಹೊರಗೆಳೆಯುತ್ತದೆ. ಅಂಗಡಿಯವನು ‘ತುಂಬಾ ಗಟ್ಟಿ ಐಟಂ ಸಾರ್’ ಎಂದು ದಪ್ಪ ಹಗ್ಗ ತೋರಿಸಿದರೆ ರಾಯರು ನಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥ ಹಿಗ್ಗುವ ಪಟ್ಟಿಗಳಿಗೆಂದೇ ಕಡ್ಡಾಯ ನಿಯಮವಿದೆ: ಎರಡು ಗಾಡಿಗಳಲ್ಲಿ ಹಗುರವಾದದ್ದರ ತುಂಬು ತೂಕದ ಎರಡರಿಂದ ಮೂರು ಪಟ್ಟು ಬಲದ ಪಟ್ಟಿ ಸಾಕೆಂದು ಲೇಬಲ್ಲಿನಲ್ಲೇ ಎಚ್ಚರಿಸಬೇಕು. ಅದಕ್ಕಿಂತ ಗಟ್ಟಿಯಾದದ್ದು ಹಿಗ್ಗದೆ, ಜಗ್ಗಿದ ಏಟೆಲ್ಲ ಗಾಡಿಯ ಮೈಗೇ ಬೀಳುತ್ತದೆ. ಈ ಒಂದು ವಿಷಯದಲ್ಲಿ ರಾಯರನ್ನು ಕಣ್ಣುಮುಚ್ಚಿ ನಂಬಬಹುದು. ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್ ಎಂಬ ಕೊಂಡಿಯ ವಿಷಯದಲ್ಲೂ ಅಷ್ಟೆ. ಎಷ್ಟು ಟನ್ನಿಗೆ ತಾಳುತ್ತದೆಂದು ಮೈಮೇಲೆ ಅಚ್ಚೊತ್ತಿರದ ಕೆಂಪು ಶ್ಯಾಕಲನ್ನು ಅವರು ಬೀಗದ ಕೈ ಗೊಂಚಲಿಗೂ ಹಾಕುವವರಲ್ಲ. ಅವರವು 4.75 ಟನ್ನಿನವು, ಜೊತೆಗೆ ಹಗ್ಗದಲ್ಲೇ ಹೆಣೆದ ಮೆತ್ತನೆಯ ಶ್ಯಾಕಲ್ ಬೇರೆ.

ಆಯುಧಪೂಜೆಯ ದಿನ ಇವೆಲ್ಲ ಪಾರ್ಕಿಂಗಿಗೆ ಇಳಿಯುತ್ತವೆ. ಎಳೆತವನ್ನು ಇಮ್ಮಡಿಸಿ ವೇಗವನ್ನು ಅರ್ಧಕ್ಕಿಳಿಸುವ ಸ್ನ್ಯಾಚ್ ಬ್ಲಾಕ್ ಎಂಬ ರಾಟೆಗೆ ವಿಭೂತಿ, ಕಿತ್ತಳೆ ಬಣ್ಣದ ಟ್ರ್ಯಾಕ್ಷನ್ ಬೋರ್ಡುಗಳಿಗೆ ಕುಂಕುಮ, ಹಿಡಿಕೆ ಹಿಂದಕ್ಕೆ ಬಡಿದರೆ ದವಡೆ ಮುರಿಯಬಲ್ಲ ಹೈಲಿಫ್ಟ್ ಜ್ಯಾಕಿಗೆ ಚೆಂಡುಹೂವಿನ ಹಾರ. ‘ರೀ, ಒಂದು ಸಲವೂ ಬಳಸದೆ ಇರೋದಕ್ಕೆ ಆಯುಧ ಅಂತಾರಾ?’ ಎಂದು ಹೆಂಡತಿ ಕುಂಬಳಕಾಯಿ ಹಿಡಿದು ಕೇಳಿದ ಪ್ರಶ್ನೆಗೆ ರಾಯರು ಇನ್ನೂ ಉತ್ತರ ಕೊಟ್ಟಿಲ್ಲ.

ಕೊನೆಗೂ ಅವಕಾಶ ಬಂತು, ಸಕಲೇಶಪುರದ ಕಡೆ ಹೋಂಸ್ಟೇಗೆ ಹೋಗುವ ತೋಟದ ದಾರಿಯಲ್ಲಿ. ರೀಲ್ಸಿಗೆಂದು ಯಾರೋ ತಮ್ಮ ಬಿಳಿ ಎಸ್‌ಯುವಿಯನ್ನು ಹಳ್ಳದ ಪಕ್ಕದ ಕೆಸರಿಗೆ ಇಳಿಸಿದ್ದರು. ನೋಡಲು ಭೀಮಕಾಯ, ತಿರುಗುವುದು ಮುಂದಿನ ಎರಡೇ ಚಕ್ರ. ಆಕ್ಸಿಲರೇಟರ್ ಒತ್ತಿದಷ್ಟೂ ಇಳಿದು, ಫೆಂಡರಿನವರೆಗೆ ಹೂತಿತ್ತು. ರಾಯರು ಬಂದ ಹೊತ್ತಿಗೆ ಟಿಪ್ಪರಿನವನೊಬ್ಬ ಸರಪಳಿಯನ್ನು ಅದರ ಬಂಪರಿಗೆ ಸುತ್ತುತ್ತಿದ್ದ. ‘ಒಂದೇ ಜಗ್ಗಿಗೆ ಬತ್ತದೆ ಬಿಡಿ ಸಾರ್.’

ರಾಯರು ಕೂಗಿದ ಕೂಗಿಗೆ ತೋಟದ ಕೆಲಸದವರೆಲ್ಲ ನಿಂತು ನೋಡಿದರು. ಅವರ ಕೂಗಿನಲ್ಲಿ ನಾಟಕವಿರಲಿಲ್ಲ. ಸರಪಳಿ ಹಿಗ್ಗುವುದಿಲ್ಲ, ಜಗ್ಗಿದರೆ ಅದೋ ಬಂಪರೋ ಕಿತ್ತು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಹಗ್ಗ ಸಿಕ್ಕಿಸಿದ, ಟ್ರೇಲರ್ ಎಳೆಯಲೆಂದಷ್ಟೇ ಇರುವ ಟೋ ಬಾಲ್‌ಗಳು ಮುರಿದು, ಗುಂಡಿನಂತೆ ಹಾರಿ ಜನರನ್ನು ಕೊಂದಿವೆ. ರಾಯರು ಎಲ್ಲರನ್ನೂ ದೂರ ಸರಿಸಿದರು, ಕೈಗವಸು ತೊಟ್ಟರು, ಹಗ್ಗದ ಮೇಲೆ ಹೊದೆಸಲು ಕಂಬಳಿ ತೆಗೆದರು. ಆಮೇಲೆ ಲೆಕ್ಕ ಒಪ್ಪಿಸಿದರು. ಅಮೆರಿಕದ ಸೇನೆಯ ಕೈಪಿಡಿಯ ಪ್ರಕಾರ ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಬಲ ಬೇಕು, ಫೆಂಡರಿನ ಮಟ್ಟಕ್ಕಾದರೆ ಎರಡರಷ್ಟು, ಅದನ್ನೂ ಮೀರಿ ಮುಳುಗಿದರೆ ಮೂರರಷ್ಟು.

ಇಲ್ಲೇ ರಾಯರು ತಮ್ಮ ವಿದ್ಯೆಗೇ ಸಿಕ್ಕಿಬಿದ್ದರು. ಅದೇ ಲೆಕ್ಕ ಹೇಳುವುದೇನೆಂದರೆ, ಮೊದಲು ಅಗೆ; ತೆಗೆದ ಪ್ರತಿ ಸಲಿಕೆ ಕೆಸರಿಗೂ ಬೇಕಾದ ಬಲ ಇಳಿಯುತ್ತದೆ. ಸುಳ್ಳು ಹೇಳಲು ಬಾರದ ಮನುಷ್ಯ ಅಗೆದರು. ಟಯರುಗಳ ಗಾಳಿಯನ್ನು 32ರಿಂದ 18 ಪಿಎಸ್‌ಐಗೆ ಇಳಿಸಿದರು, ನೆಲಕ್ಕೆ ಒತ್ತುವ ಭಾಗ ಉದ್ದವಾಯಿತು. ಮುಂದಿನ ಚಕ್ರಗಳ ಅಡಿಗೆ ಟ್ರ್ಯಾಕ್ಷನ್ ಬೋರ್ಡು ಕೊಟ್ಟರು. ಫಸ್ಟ್ ಗೇರಿನಲ್ಲಿ ಮೆಲ್ಲಗೆ ಬಿಡಿ ಎಂದರು. ಗಾಡಿ ಒಮ್ಮೆ ನರಳಿ, ತಾನೇ ಎದ್ದು ಬಂದು ಗಟ್ಟಿ ನೆಲದ ಮೇಲೆ ನಿಂತಿತು.

ಜನ ಚಪ್ಪಾಳೆ ಹೊಡೆದರು. ಗಾಡಿಯವರು ಕೈಮುಗಿದರು. ರಾಯರು ಮಾತ್ರ ಹೊದಿಕೆ ತೆಗೆದ ವಿಂಚಿನ ಪಕ್ಕದಲ್ಲಿ ರಿಮೋಟು ಹಿಡಿದುಕೊಂಡೇ ನಿಂತಿದ್ದರು. ಕಂಪ್ರೆಸರಿನಿಂದ ಅವರ ಟಯರಿಗೆ ಗಾಳಿ ತುಂಬಿಸಿಕೊಟ್ಟು, ಸಂಕೋಚದಿಂದ ಗಾಡಿಯವರ ಹತ್ತಿರ ಹೋದರು.

‘ಸಾರ್, ತಪ್ಪು ತಿಳ್ಕೋಬೇಡಿ. ಅದೇ ಜಾಗಕ್ಕೆ ಇನ್ನೊಂದ್ಸಲ ಇಳಿಸ್ತೀರಾ? ಸ್ವಲ್ಪ ಆಳಕ್ಕೆ?’

ಗಾಡಿಯವರಿಗೆ ಬಾಯಿ ಬರಲಿಲ್ಲ. ಹಿಂದಿನ ಸೀಟಿನಿಂದ ಅವರ ಹೆಂಡತಿ ತಲೆ ಹೊರಹಾಕಿ, ‘ಕಾಫಿ ಕೇಳಿ ಅಣ್ಣ, ತಿಂಡಿ ಕೇಳಿ, ಕೊಡಿಸ್ತೀವಿ. ಅದೊಂದು ಬೇಡ’ ಎಂದು ಗ್ಲಾಸು ಏರಿಸಿದರು.