ಓನ್ಲಿ ಎಲ್ಲಿಡಬೇಕು?

ನಮ್ಮ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್ ಸಾಹೇಬರದು. ದೊರೆಯ ಹೆಸರು ಹೊತ್ತ ಊರಲ್ಲಿ ಹುಟ್ಟಿದವನಿಗೆ ಇಂಗ್ಲಿಷು ನೀರಿನಲ್ಲೇ ಬಂದಿರುತ್ತದೆ ಅನ್ನುವುದು ನನ್ನ ಜಂಭ. ನೆಂಟರಲ್ಲಿ ಯಾರಿಗೆ ಎರಡು ಸಾಲು ಇಂಗ್ಲಿಷ್ ಬೇಕಾದರೂ ಪೆನ್ನಿನ ಕ್ಯಾಪ್ ತೆಗೆದು ನಿಲ್ಲುವವನು ನಾನೇ.

ಚನ್ನಪಟ್ಟಣದಲ್ಲಿ ಬಾಮೈದನ ಗೊಂಬೆ ಅಂಗಡಿ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರಲ್ಲ, ಆ ಗೊಂಬೆಗಳು. ‘ಭಾವ, ರೋಡಲ್ಲಿ ಹೋಗೋರು ನಿಲ್ಲೋ ಹಾಗೆ ಒಂದು ಬೋರ್ಡ್ ಬರ್ಕೊಡಿ’ ಅಂದ. ಬರೆದೆ: ‘ಟಾಯ್ಸ್ ಫಾರ್ ಚಿಲ್ಡ್ರನ್ ಮೇಡ್ ಆಫ್ ವುಡ್’. ಕಾರುಗಳೇನೋ ನಿಂತವು. ಇಳಿದವರು ಬೋರ್ಡಿನ ಪಕ್ಕ ಸೆಲ್ಫಿ ತೆಗೆದುಕೊಂಡು ಹೊರಟರು. ಒಬ್ಬರು ಮಾತ್ರ ಒಳಗೆ ಬಂದು, ‘ನಮ್ಮ ಮಕ್ಕಳು ಮರದವಲ್ಲ, ಪರವಾಗಿಲ್ವಾ?’ ಅಂದರಂತೆ.

ಮಾಗಡಿಯ ಷಡ್ಡಕ ಸಾವನದುರ್ಗದ ದಾರಿಯಲ್ಲಿ ಹೋಂಸ್ಟೇ ತೆರೆದ. ‘ಎ ಫ್ಯೂ ಫೆಸಿಲಿಟೀಸ್’ ಅಂತ ಬರೆಸಬೇಕಿತ್ತು. ಪೇಂಟರ್ ಅಕ್ಷರಕ್ಕಿಷ್ಟು ಅಂದ. ಆ ‘ಎ’ ಹೊಡೆದುಹಾಕಿ ದುಡ್ಡು ಉಳಿಸಿಕೊಟ್ಟೆ. ಕೆಲವು ಸೌಲಭ್ಯ ಉಂಟು ಅನ್ನುತ್ತಿದ್ದ ಬೋರ್ಡು, ಸೌಲಭ್ಯ ಅಷ್ಟಕ್ಕಷ್ಟೇ ಅನ್ನತೊಡಗಿತು. ಗೀಸರ್ ಕೆಟ್ಟಾಗ ಜಗಳಕ್ಕೆ ಬಂದ ಅತಿಥಿ ಬೋರ್ಡ್ ನೋಡಿ, ‘ಮೊದಲೇ ಹೇಳಿದ್ದಾರಲ್ಲ’ ಅಂತ ಸುಮ್ಮನಾದನಂತೆ.

ಕನಕಪುರದ ಮಾವ ಬೀಡಿ ಬಿಟ್ಟರು. ಅಮೆರಿಕದ ಮೊಮ್ಮಗನಿಗೆ ಸುದ್ದಿ ಮುಟ್ಟಿಸಿದವನು ನಾನು: ‘ತಾತ ಸ್ಟಾಪ್ಡ್ ಟು ಸ್ಮೋಕ್’. ‘ಸ್ಮೋಕಿಂಗ್’ ಅಂದಿದ್ದರೆ ಬಿಟ್ಟರು ಅಂತಾಗುತ್ತಿತ್ತು. ನಾನು ಬರೆದದ್ದು, ಸೇದಲೆಂದೇ ನಿಂತರು ಅಂತ. ಹುಡುಗ ಸರಿರಾತ್ರಿಯಲ್ಲಿ ಫೋನ್ ಮಾಡಿ ತಾತನಿಗೆ ಕ್ಲಾಸ್ ತೆಗೆದುಕೊಂಡ. ‘ಬಿಟ್ಟರೂ ಬೈಸ್ಕೋಬೇಕಾ?’ ಅಂತ ಮಾವ ಬೆಳಗಾಗುತ್ತಲೇ ಒಂದು ಕಟ್ಟು ತರಿಸಿದರು. ಅತ್ತೆ ನನಗೆ ಕಾಫಿ ಕೊಡುವುದನ್ನು ಬಿಟ್ಟರು.

ಮೊನ್ನೆ ಮಗಳ ಹೋಂವರ್ಕು. ‘ಮೈ ಫಾದರ್ ವಾಶಸ್ ದ ಪ್ಲೇಟ್ಸ್’ ಅನ್ನುವುದಕ್ಕೆ ‘ಓನ್ಲಿ’ ಸೇರಿಸಬೇಕು. ನಾನು ‘ದ ಪ್ಲೇಟ್ಸ್’ಗೆ ಮುಂಚೆ ಸೇರಿಸಿದೆ. ಅಂದರೆ ತಟ್ಟೆ ಮಾತ್ರ. ತಳಹಿಡಿದ ಕುಕ್ಕರು, ಎಣ್ಣೆ ಬಾಣಲೆ, ರಾಗಿ ಅಂಟಿದ ಮುದ್ದೆ ಪಾತ್ರೆ ನನ್ನ ಲೆಕ್ಕಕ್ಕಿಲ್ಲ. ಒಳಗಿನಿಂದ ಹೆಂಡತಿ, ‘ಅದನ್ನ ಎಲ್ಲಕ್ಕಿಂತ ಮುಂದೆ ಹಾಕು ಪುಟ್ಟಿ’ ಅಂದಳು. ‘ಓನ್ಲಿ ಮೈ ಫಾದರ್…’ ಈ ಮನೆಯಲ್ಲಿ ತೊಳೆಯುವವನು ಅಪ್ಪ ಒಬ್ಬನೇ!

ಮಿಸ್ಸು ಎರಡಕ್ಕೂ ರೈಟ್ ಹಾಕಿದ್ದಾರೆ. ಜಾರಿಗೆ ಬಂದಿರುವುದು ಹೆಂಡತಿಯದು, ಮುದ್ದೆ ಪಾತ್ರೆ ಸಮೇತ. ನಿಮ್ಮ ಮನೆಯಲ್ಲಿ ಓನ್ಲಿ ಎಲ್ಲಿದೆ, ಒಂದ್ಸಲ ನೋಡ್ಕೊಳ್ಳಿ ಸ್ವಾಮಿ.